ಅಕ್ಕನ ಕೈಯ ಚಹಾ

"ಒಂದೇ ಒಂದು ಮಾತ್ರೆ ಮುಟ್ಟಿಲ್ಲ ನಾನು," ಎಂದ ತಮ್ಮ, ಎರಡೂ ಅಂಗೈ ಬಿಡಿಸಿ ತೋರಿಸುತ್ತ. "ಏಳೆಂಟು ವರ್ಷ ಆಗೋಯ್ತು. ಡಾಕ್ಟರು ಏನಂದಿದ್ರು? ಸಾಯೋತನಕ ನುಂಗ್ತಾ ಇರಬೇಕು ಅಂದಿದ್ರು. ನನ್ನ ಬುದ್ಧಿ ನನ್ನ ಕೈಲಿ ಇರಲಿಲ್ಲ ನೋಡಿ. ಇಲ್ಲದ ಬುದ್ಧಿನ ನಂಬ್ಕೊಂಡು ಏನು ಮಾಡ್ಲಿ? ಮೇಲಿರೋನ ಕೈಗೆ ಕೊಟ್ಟುಬಿಟ್ಟೆ. ಅವನು ನೋಡ್ಕೊಂಡ."

ಪ್ರಾರ್ಥನೆ ಮನೆಯ ಕೊನೆಯ ಬೆಂಚಿನಲ್ಲಿ, ಕಂಬದ ಮರೆಗೆ ಕೂತಿದ್ದ ಅಕ್ಕ ಕೈಚೀಲವನ್ನು ತೊಡೆಯ ಮೇಲೆ ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಳು. ಅದರೊಳಗೆ, ಕನ್ನಡಕದ ಡಬ್ಬಿಯ ಕೆಳಗೆ, ಬರುವ ದಾರಿಯಲ್ಲಿ ಔಷಧದ ಅಂಗಡಿಯಿಂದ ತಂದ ಮಾತ್ರೆಯ ಹೊಸ ಪಟ್ಟಿ ಇತ್ತು. ಅದು ತಮ್ಮನದೇ ಮಾತ್ರೆ. ಈ ಏಳೆಂಟು ವರ್ಷ ಅವನು ಒಂದು ದಿನವೂ ತಪ್ಪಿಸದೆ ಅದನ್ನು ನುಂಗಿದ್ದ. ಬೆಳಗಿನ ಚಹಾದಲ್ಲಿ, ಅಕ್ಕನ ಕೈಯಿಂದ. ಅವನಿಗೆ ಗೊತ್ತಿರಲಿಲ್ಲ, ಅಷ್ಟೇ.

ಇದನ್ನು ಮೋಸ ಅನ್ನುವವರು ಅನ್ನಲಿ. ಆದರೆ ಅನ್ನುವ ಮೊದಲು ಅವತ್ತು ಆ ಅಂಗಡಿಯೊಳಗೆ ಬಂದು ನಿಲ್ಲಬೇಕಿತ್ತು. ಅಪ್ಪ ಬಿಟ್ಟುಹೋದ ಸೋಫಾ ರಿಪೇರಿ ಅಂಗಡಿ. ಕೆಳಗೆ ಅಂಗಡಿ, ಮೇಲೆ ಮನೆ. ತಮ್ಮ ಕೆಳಗೆ ಸ್ಪ್ರಿಂಗು ಕಟ್ಟುತ್ತಿದ್ದ, ನಾರು ತುಂಬುತ್ತಿದ್ದ, ಸಣ್ಣ ಮೊಳೆಗಳನ್ನು ಬಾಯಲ್ಲಿ ತುಂಬಿಕೊಂಡು ಒಂದೊಂದೇ ತುಟಿಗೆ ತಂದು ಹೊಡೆಯುತ್ತಿದ್ದ. ಅಕ್ಕ ಮೇಲೆ ಕಿಟಕಿಯ ಪಕ್ಕದ ಮೆಷಿನ್ನಿನಲ್ಲಿ ಕವರು ಹೊಲಿಯುತ್ತಿದ್ದಳು. ಒಂದು ಮಧ್ಯಾಹ್ನ ಸುತ್ತಿಗೆಯ ಸದ್ದು ನಿಂತುಹೋಯಿತು. ಅವಳು ಇಳಿದು ಬಂದು ನೋಡಿದರೆ ಗಿರಾಕಿಗಳ ಸೋಫಾ, ಕುರ್ಚಿ, ದಿಂಬು, ಒಂದನ್ನೂ ಬಿಡದೆ ಹೊಟ್ಟೆ ಬಗೆದು ಹಾಕಿದ್ದ. ನೆಲ ಕಾಣದಷ್ಟು ನಾರು, ಹತ್ತಿ. ನಡುವೆ ತಮ್ಮ, ಕೈಯಲ್ಲಿ ದೊಡ್ಡ ಕತ್ತರಿ. "ಒಳಗೆ ಕೂತು ಮಾತಾಡ್ತಿದಾರೆ ಅಕ್ಕಾ," ಎಂದ. "ನಿನ್ನ ಬಗ್ಗೆನೇ ಮಾತಾಡ್ತಿದಾರೆ."

ಆಸ್ಪತ್ರೆಗೆ ಸೇರಿಸಿದ್ದಾಯಿತು, ಮನೆಗೆ ಕರೆತಂದದ್ದಾಯಿತು. ಕೊಟ್ಟ ಮಾತ್ರೆಯನ್ನು ಮಹಾರಾಯ ನಾಲಿಗೆಯ ಕೆಳಗೆ ಬಚ್ಚಿಟ್ಟುಕೊಂಡು, ಮೆಟ್ಟಿಲಿಳಿದು, ಯಾರದೋ ಕುರ್ಚಿಯ ಸೀಟಿನೊಳಗೆ ತುರುಕಿ ಮೊಳೆ ಹೊಡೆದುಬಿಡುತ್ತಿದ್ದ. ಎಷ್ಟು ಮನೆಗಳಲ್ಲಿ ಎಷ್ಟು ಜನ ಇವತ್ತಿಗೂ ಆ ಮಾತ್ರೆಗಳ ಮೇಲೆ ಕೂತು ಪೇಪರ್ ಓದುತ್ತಿದ್ದಾರೋ! ಎರಡನೇ ಸಲ ಆಸ್ಪತ್ರೆಯಿಂದ ಬಿಡುವಾಗ ಡಾಕ್ಟರು ಅಕ್ಕನನ್ನು ಪಕ್ಕಕ್ಕೆ ಕರೆದು, "ಹೇಗಾದ್ರೂ ಮಾಡಿ ಹೊಟ್ಟೆಗೆ ಹೋಗೋ ಹಾಗೆ ನೋಡ್ಕೊಳ್ಳಿ," ಅಂದರು. ಡಾಕ್ಟರಿಗೆ ಅದು ಬಾಯಿಮಾತು. ಅಕ್ಕ ಆ 'ಹೇಗಾದ್ರೂ' ಎಂಬುದನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಮರುದಿನದಿಂದಲೇ ಮಡಿಸಿದ ಕಾಗದದ ನಡುವೆ ಮಾತ್ರೆ ಇಟ್ಟು, ಸ್ಟೀಲ್ ಲೋಟದ ತಳದಿಂದ ಅರೆದು, ಕಹಿ ತಿಳಿಯದ ಹಾಗೆ ಒಂದು ಚಮಚ ಸಕ್ಕರೆ ಜಾಸ್ತಿ ಹಾಕಿ ಚಹಾ ಕೊಡತೊಡಗಿದಳು. ಅವನು ಗಟಗಟ ಕುಡಿದು ಬಾಯಿ ಒರೆಸಿಕೊಳ್ಳುವವರೆಗೂ ಅಲ್ಲೇ ಏನೋ ಕೆಲಸ ಹಚ್ಚಿಕೊಂಡು ನಿಲ್ಲುತ್ತಿದ್ದಳು.

ಆಗಲೇ ಮೇಷ್ಟ್ರು ಅಂಗಡಿಗೆ ಬಂದದ್ದು. ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ಹಿಂದಿನ ಬೀದಿಯಲ್ಲಿ ಬಾಡಿಗೆಗೆ ಒಂದು ಹಾಲ್ ಹಿಡಿದು ಪ್ರಾರ್ಥನೆ ನಡೆಸುತ್ತಿದ್ದರು. ಅಲ್ಲಿನ ಹರಿದ ಬೆಂಚುಗಳನ್ನು ಸರಿಮಾಡಲು ಕರೆದರು, "ಸರಿಮಾಡಿದ್ಮೇಲೆ ನೀನೇ ಒಂದ್ಸಲ ಕೂತು ನೋಡಪ್ಪ, ಗಟ್ಟಿ ಇದೆಯೋ ಇಲ್ವೋ ಅಂತ," ಎಂದು ನಕ್ಕರು. ತಮ್ಮ ಕೂತ. ಅವತ್ತು ಕೂತವನು ಮತ್ತೆ ಏಳಲಿಲ್ಲ ಅನ್ನಬೇಕು. ದಿನದಿನಕ್ಕೆ ಅವನ ಕಣ್ಣಿನ ಗಾಬರಿ ಇಳಿಯಿತು, ನಿದ್ದೆ ಬಂತು, ಸುತ್ತಿಗೆ ಮತ್ತೆ ಸದ್ದು ಮಾಡಿತು. ವಾರಕ್ಕೊಮ್ಮೆ ಎದ್ದು ನಿಂತು ತನ್ನ ಕಥೆ ಹೇಳತೊಡಗಿದ. ಅಕ್ಕ ದೇವರನ್ನು ನಂಬಿದವಳಲ್ಲ. ಅವಳು ನಂಬಿದ್ದು ಲೋಟದ ತಳವನ್ನು. ಕೆಲವು ಸಲ ಹೊಟ್ಟೆಕಿಚ್ಚೂ ಆಗುತ್ತಿತ್ತು ಅವಳಿಗೆ: ಅರೆಯುವವಳು ನಾನು, ಹೆಸರು ಇನ್ನೊಬ್ಬನಿಗೆ! ಆದರೂ ತಮ್ಮ ಆ ಹೊತ್ತಿನಲ್ಲಿ ನಗುವುದನ್ನು ನೋಡಲು ವಾರವಾರವೂ ಹೋಗಿ ಕಂಬದ ಮರೆಗೆ ಕೂರುತ್ತಿದ್ದಳು. ಅವಳಿಗೆ ಬೇರೆ ಯಾರಿದ್ದರು? ಮದುವೆಯ ಮಾತು ಬಂದಾಗಲೆಲ್ಲ "ಇವನನ್ನ ಯಾರು ನೋಡ್ಕೋತಾರೆ" ಅಂದು ತಳ್ಳಿ ತಳ್ಳಿ ತಲೆಕೂದಲು ಬೆಳ್ಳಗಾಗಿತ್ತು.

ತಮ್ಮ ಅಂಗೈ ಬಿಡಿಸಿ ತೋರಿಸಿದ ಅವತ್ತು ಪ್ರಾರ್ಥನೆ ಮುಗಿದು ಜನ ಹೊರಗೆ ಬರುತ್ತಿರುವಾಗ ಬೇಕರಿಯಮ್ಮ ಮೆಟ್ಟಿಲ ಮೇಲೆ ಅವನ ಎರಡೂ ಕೈ ಹಿಡಿದುಕೊಂಡಳು. ಅಂಗಡಿಗೆ ಎದುರು ಸಾಲಿನಲ್ಲೇ ಅವಳ ಬೇಕರಿ. ಇಪ್ಪತ್ತು ತುಂಬದ ಮಗಳಿದ್ದಳು. ತಮ್ಮನಿಗೆ ಬಂದಿದ್ದ ಕಾಯಿಲೆಯೇ ಆ ಹುಡುಗಿಗೂ. ದಿನವಿಡೀ ಗಲ್ಲಾದ ಹಿಂದೆ ಕಣ್ಣು ಅರೆಮುಚ್ಚಿಕೊಂಡು ಕೂತಿರುತ್ತಿದ್ದವಳು.

"ನಿಮ್ಮ ಮಾತು ಕೇಳಿ ನಾವೂ ನಿಲ್ಸಿಬಿಟ್ವಿ ಅಣ್ಣಾ," ಎಂದಳು ಬೇಕರಿಯಮ್ಮ. "ಎಲ್ಲಾ ಮಾತ್ರೆ ಚರಂಡಿಗೆ ಹಾಕ್ದೆ. ಎರಡು ವಾರ ಆಯ್ತು. ಹುಡುಗಿ ಹೇಗೆ ಲವಲವಿಕೆಯಿಂದ ಓಡಾಡ್ತಾಳೆ ಅಂತೀರಾ! ನಿನ್ನೆ ನಕ್ಕಳು. ಅವಳ ನಗು ಹೇಗಿತ್ತು ಅನ್ನೋದೇ ಮರೆತುಹೋಗಿತ್ತು ನನಗೆ."

"ನಂಬಿದವರನ್ನ ಅವನು ಬಿಡಲ್ಲಮ್ಮ," ಎಂದ ತಮ್ಮ. ಅವನ ಕಣ್ಣು ತುಂಬಿ ಬಂದಿತ್ತು.

ಮಾತ್ರೆ ಬಿಟ್ಟ ಮೊದಲ ದಿನಗಳು ಹೀಗೇ ಇರುತ್ತವೆ ಎಂದು ಅಕ್ಕನಿಗೆ ಗೊತ್ತಿತ್ತು. ಮಂಕು ಹರಿಯುತ್ತದೆ, ಕಣ್ಣಿಗೆ ಹೊಳಪು ಬರುತ್ತದೆ, ಮನೆಯವರು ಹಿಗ್ಗುತ್ತಾರೆ. ಆಮೇಲೆ ಬರುವುದು ಬರುತ್ತದೆ. ಅಲ್ಲೇ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ತಮ್ಮ ಪಕ್ಕದಲ್ಲೇ ನಿಂತಿದ್ದನಲ್ಲ.

ಮರುದಿನ ಬೇಕರಿಗೆ ಹೋದಳು. ಬ್ರೆಡ್ಡು ಕೇಳಿದಳು, ಬಿಸ್ಕತ್ತು ಕೇಳಿದಳು, ಬೇಡದ್ದನ್ನೆಲ್ಲ ಕೇಳಿದಳು. ಕೊನೆಗೆ ದನಿ ತಗ್ಗಿಸಿ, "ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಮಗಳಿಗೆ ಮಾತ್ರೆ ಕೊಡ್ತಾ ಇರಿ. ಪ್ರಾರ್ಥನೆ ಪಾಡಿಗೆ ಪ್ರಾರ್ಥನೆ ಇರಲಿ," ಎಂದಳು.

"ನೀವೇ ಹೀಗಂದ್ರೆ ಹೇಗೆ ಅಕ್ಕಾ? ನಿಮ್ಮ ಮನೆಯಲ್ಲೇ ಸಾಕ್ಷಿ ಇದೆಯಲ್ಲ, ಹಗಲೂ ರಾತ್ರಿ ನೋಡ್ತಿದೀರಲ್ಲ!"

"ಎಲ್ಲರಿಗೂ ಒಂದೇ ಥರ ಆಗ್ಬೇಕು ಅಂತೇನಿಲ್ಲ..."

"ಯಾಕೆ? ನಿಮ್ಮ ತಮ್ಮನ ಮೇಲೆ ಇರೋ ಪ್ರೀತಿ ದೇವರಿಗೆ ನನ್ನ ಮಗಳ ಮೇಲೆ ಇರಲ್ವಾ?"

ನಿಜ ಅಕ್ಕನ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಹೇಳಿದರೆ ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಗುತ್ತದೆ, ತಮ್ಮನ ಕಿವಿಗೆ ಬೀಳುತ್ತದೆ, ಅವನು ಇನ್ನೆಂದೂ ಅವಳ ಕೈಯಿಂದ ನೀರು ಸಹ ಕುಡಿಯುವುದಿಲ್ಲ. ಮತ್ತೆ ಆ ಕತ್ತರಿ, ಆ ಹತ್ತಿ, ಆ ಕಣ್ಣು. ಹೇಳದಿದ್ದರೆ ಈ ಹುಡುಗಿ. ಹುಡುಗಿ ಒಳಗಿನಿಂದ ಬಂದು, "ಅಕ್ಕಾ, ಬನ್ ಬಿಸಿ ಇದೆ, ತಗೊಳ್ಳಿ," ಎಂದು ಚೆನ್ನಾಗಿಯೇ ನಕ್ಕಳು. ಅಕ್ಕ ಬನ್ ತೆಗೆದುಕೊಂಡು ಬಂದುಬಿಟ್ಟಳು. ಇನ್ನೂ ಸಮಯವಿದೆ, ಏನಾದರೂ ಉಪಾಯ ಹೊಳೆಯುತ್ತದೆ ಎಂದುಕೊಂಡಳು. ಅವಳಿಗೆ ಯಾವಾಗಲೂ ಏನಾದರೊಂದು ಉಪಾಯ ಹೊಳೆಯುತ್ತಿತ್ತು. ಅದೇ ಅವಳ ಹೆಮ್ಮೆ.

ಈ ಸಲ ಹೊಳೆಯುವುದರೊಳಗೆ ಆಗಬಾರದ್ದು ಆಗಿಹೋಯಿತು. ಆ ವಾರದ ಕೊನೆಗೆ, ಬೆಳಗಿನ ವ್ಯಾಪಾರದ ಗಡಿಬಿಡಿಯಲ್ಲಿ, ಹುಡುಗಿ ಒಲೆಯಿಂದ ಆಗಷ್ಟೇ ಎಳೆದ ಕಬ್ಬಿಣದ ತಟ್ಟೆಯ ಮೇಲೆ ಎರಡೂ ಅಂಗೈ ಊರಿ ನಿಂತುಬಿಟ್ಟಳು. ಕಿರುಚಲೂ ಇಲ್ಲವಂತೆ. ಕಿವಿಯಲ್ಲಿ ಯಾರೋ ಹಾಗೆ ಇಡು ಅಂದರಂತೆ, ಇಟ್ಟಳಂತೆ. ತಾಯಿ ಕಿರುಚಿದ್ದು ಮಾತ್ರ ಇಡೀ ಬೀದಿಗೆ ಕೇಳಿಸಿತು. ಆಟೋದಲ್ಲಿ ಹಾಕಿಕೊಂಡು ಹೋಗುವಾಗ ಆ ಹುಡುಗಿ ಕೈಗಳನ್ನು ಮುಂದೆ ಚಾಚಿಕೊಂಡು ಕೂತಿದ್ದಳು, ಬೇರೆ ಯಾರದೋ ಕೈಗಳನ್ನು ನೋಡುವವಳ ಹಾಗೆ ಅವನ್ನೇ ನೋಡುತ್ತ.

ಅಕ್ಕ ಅಡುಗೆಮನೆಗೆ ಬಂದು ಗೋಡೆಗೆ ಒರಗಿದಳು. ಹಿಂದೆಯೇ ತಮ್ಮ ಮೆಟ್ಟಿಲು ಹತ್ತಿ ಬಂದ. ಶರ್ಟು ಬದಲಾಯಿಸಿಕೊಳ್ಳುತ್ತ ಅವಸರ ಅವಸರವಾಗಿ ಹೇಳಿದ:

"ನಾನು ಆಸ್ಪತ್ರೆಗೆ ಹೋಗ್ತೀನಿ. ಆ ತಾಯಿ ಹೆದರ್ಕೊಂಡು ಮತ್ತೆ ಮಾತ್ರೆ ಕೊಡಕ್ಕೆ ಒಪ್ಪಿಬಿಡ್ತಾಳೆ. ಇದು ಪರೀಕ್ಷೆ ಅಕ್ಕಾ. ಈಗ ಕೈಬಿಟ್ರೆ ಇಷ್ಟು ದಿನದ್ದೆಲ್ಲ ನೀರಿಗೆ ಹೋದ ಹಾಗೆ. ನಾನು ಪಕ್ಕದಲ್ಲಿದ್ರೆ ಅವಳಿಗೆ ಧೈರ್ಯ ಬರುತ್ತೆ."

"ಹೋಗ್ಬೇಡ."

"ಯಾಕೆ?"

"ಹೋಗ್ಬೇಡ ಅಂದ್ನಲ್ಲ! ಆ ಹುಡುಗಿಗೆ ಮಾತ್ರೆ ಬೇಕು. ನಿನಗೂ ಬೇಕು. ನೀನೂ ತಗೋತಾ ಇದೀಯ."

ತಮ್ಮ ಶರ್ಟಿನ ಗುಂಡಿಯ ಮೇಲೆ ಕೈ ಇಟ್ಟುಕೊಂಡೇ ನಿಂತ. ನಕ್ಕ. "ಏನು ಹೇಳ್ತಿದೀಯ ನೀನು?"

ಅವಳು ಹೇಳಿದಳು. ಕಾಗದ, ಲೋಟ, ಸಕ್ಕರೆ ಎಲ್ಲ ಹೇಳಿದಳು. ಹೇಳಿದರೂ ಅವನು ನಂಬಲಿಲ್ಲವೆಂದು ಮೇಲಿನ ಕಪಾಟಿನ ಅಕ್ಕಿ ಡಬ್ಬಿಯ ಹಿಂದಿನಿಂದ ಮಾತ್ರೆಯ ಪಟ್ಟಿ ತೆಗೆದು ಕೈಗಿಟ್ಟಳು. ಅರ್ಧ ಖಾಲಿಯಾಗಿದ್ದ ಪಟ್ಟಿ. ಅವನು ಅದನ್ನು ತಿರುಗಿಸಿ ಮುರುಗಿಸಿ ನೋಡಿದ. ಹೆಸರು ಓದಿದ. ಆ ಹೆಸರು ಅವನಿಗೆ ಮರೆತಿರಲಿಲ್ಲ.

"ಇವತ್ತೂ ಹಾಕಿದ್ಯಾ?"

"ಹೂಂ."

"ನನಗೆ ಜ್ವರ ಬಂದಾಗ?"

"ಆಗ್ಲೂ ಹಾಕಿದ್ದೆ. ಗಂಜಿಗೆ."

ಅವನು ಹೊಡೆಯಬಹುದು, ಪಾತ್ರೆ ಎಸೆಯಬಹುದು ಎಂದುಕೊಂಡಿದ್ದಳು. ಅದಾಗಿದ್ದರೆ ಎಷ್ಟೋ ವಾಸಿಯಿತ್ತು. ಅವನು ಸ್ಟೂಲಿನ ಮೇಲೆ ಕೂತು, ಬಹಳ ಮೆಲ್ಲಗೆ ಕೇಳಿದ: "ಅಲ್ಲ, ವಾರವಾರ ನಾನು ಎದ್ದು ನಿಂತು ದೇವರಿಗೆ ಥ್ಯಾಂಕ್ಸ್ ಹೇಳ್ತಿದ್ದೆ. ಅಳ್ತಿದ್ದೆ. ನೀನು ಹಿಂದೆ ಕೂತು ಕೇಳ್ತಿದ್ಯಲ್ಲ ಅಕ್ಕಾ. ಏನನ್ನಿಸ್ತಿತ್ತು ನಿನಗೆ?"

"ನೀನು ಚೆನ್ನಾಗಿದೀಯಲ್ಲ ಅನ್ನಿಸ್ತಿತ್ತು."

"ನಾನು ಚೆನ್ನಾಗಿರಲಿಲ್ಲ," ಎಂದ ತಮ್ಮ. "ನೀನು ಚೆನ್ನಾಗಿಟ್ಟಿದ್ದೆ."

ಅವನು ಆಸ್ಪತ್ರೆಗೆ ಹೋದ. ಬೇಕರಿಯಮ್ಮನ ಎದುರು, ಎಲ್ಲರಿಗೂ ಕೇಳಿಸುವ ಹಾಗೆ, "ನಾನು ಹೇಳಿದ್ದೆಲ್ಲ ಸುಳ್ಳು, ಅಕ್ಕ ದಿನಾ ಚಹಾದಲ್ಲಿ ಮಾತ್ರೆ ಹಾಕ್ತಿದ್ಲು, ಮಗಳಿಗೆ ಮಾತ್ರೆ ಕೊಡಿಸಿ," ಎಂದು ಕೈಮುಗಿದನಂತೆ. ಬೇಕರಿಯಮ್ಮ ಅವನ ಕೆನ್ನೆಗೆ ಬಾರಿಸಿದಳಂತೆ, ಆಮೇಲೆ ಅವನ ಭುಜದ ಮೇಲೇ ತಲೆಯಿಟ್ಟು ಅತ್ತಳಂತೆ. ಇದನ್ನೆಲ್ಲ ಅಕ್ಕನಿಗೆ ಬೇರೆಯವರು ಬಂದು ಹೇಳಿದರು.

ಮರುದಿನ ಬೆಳಿಗ್ಗೆ ಅವಳು ಚಹಾ ಮಾಡಿ ಮುಂದಿಟ್ಟಳು. ಏನೂ ಹಾಕಿರಲಿಲ್ಲ. ಅವನು ಲೋಟ ಎತ್ತಿ ಒಮ್ಮೆ ಮೂಸಿ, ಹಾಗೆಯೇ ಇಟ್ಟು, ಎದ್ದುಹೋದ. ಅವತ್ತಿನಿಂದ ಮನೆಯ ಒಲೆ ಅವಳೊಬ್ಬಳದೇ ಆಯಿತು. ಬೆಳಿಗ್ಗೆ ಬೇಕರಿಯಲ್ಲಿ ಎಲ್ಲರೆದುರು ತಟ್ಟೆಯಿಂದ ಎತ್ತಿಕೊಡುವ ಬನ್ನು, ಮಧ್ಯಾಹ್ನ ಬಸ್ ನಿಲ್ದಾಣದ ಹೋಟೆಲಿನಲ್ಲಿ ಊಟ, ಬಾಯಾರಿದರೆ ಬೀದಿ ನಲ್ಲಿಯ ನೀರು. ಪ್ರಾರ್ಥನೆ ಮನೆಗೂ ಹೋಗಲಿಲ್ಲ. ಮಾತ್ರೆಯ ಮಾತೆತ್ತಿದರೆ ಒಂದೇ ಉತ್ತರ:

"ಇಷ್ಟು ವರ್ಷ ಯಾರು ನೋಡ್ಕೊಂಡ್ರು ಅಂತ ನನಗೆ ಗೊತ್ತಾಗಲಿಲ್ಲ. ಈಗ ನೀನು ಸುಮ್ನಿರು. ಅವನಿದ್ರೆ ನೋಡ್ಕೋತಾನೆ. ಇಲ್ದಿದ್ರೆ ಇಲ್ಲ. ಅಷ್ಟಾದ್ರೂ ಗೊತ್ತಾಗಲಿ ನನಗೆ."

"ಹಾಗೆ ಯಾರಾದ್ರೂ ಜೀವ ಪಣಕ್ಕಿಡ್ತಾರೇನೋ! ಆ ಹುಡುಗಿ ಕೈ ನೋಡ್ಲಿಲ್ವಾ ನೀನು?"

"ನೋಡ್ದೆ. ಅದಕ್ಕೇ ಬೇರೆ ಯಾರಿಗೂ ಹೇಳ್ತಿಲ್ಲ. ಈ ಪರೀಕ್ಷೆ ನನ್ನೊಬ್ಬನ ಮೇಲೆ."

ಅವಳು ಅತ್ತಳು, ಬೈದಳು, ಕಾಲು ಹಿಡಿಯಲೂ ಹೋದಳು. ಅವನು ಕಾಲು ಹಿಂದಕ್ಕೆಳೆದುಕೊಂಡು ಮೊಳೆ ಹುಡುಕತೊಡಗಿದ. ಡಾಕ್ಟರನ್ನು ಕೇಳಿದ್ದಕ್ಕೆ, "ಕರ್ಕೊಂಡ್ ಬನ್ನಿ, ನೋಡೋಣ," ಅಂದರು. ಬಂದರೆ ತಾನೇ?

ಮೇಷ್ಟ್ರು ಒಂದು ಸಂಜೆ ಬಂದರು. ತಮ್ಮ ಇಲ್ಲದ ಹೊತ್ತು. ಸೀಟಿಲ್ಲದ ಕುರ್ಚಿಯೊಂದರ ಚೌಕಟ್ಟಿನ ಅಂಚಿನಲ್ಲಿ ಹೇಗೋ ಕೂತುಕೊಂಡರು. ವಯಸ್ಸಾದ ಮನುಷ್ಯ, ಈಚೆಗೆ ಇನ್ನೂ ಬಗ್ಗಿಹೋಗಿದ್ದರು. ಹುಡುಗಿಯ ವಿಷಯದಲ್ಲಿ ಪೊಲೀಸಿನವರೂ ಬಂದು ಕೇಳಿ ಹೋಗಿದ್ದರು.

"ನಾನೂ ಸುಮ್ನೆ ಕೇಳ್ತಾ ಕೂತಿದ್ದೆನಲ್ಲಮ್ಮ," ಎಂದರು. "ಒಂದ್ಸಲಾನೂ, ಮಾತ್ರೆ ವಿಷಯ ಹೇಳ್ಬೇಡಪ್ಪ ಅನ್ನಲಿಲ್ಲ. ಕೇಳಕ್ಕೆ ಚೆನ್ನಾಗಿತ್ತು. ಜನ ಬರ್ತಿದ್ರು."

ಅಕ್ಕ ಕೈಯಲ್ಲಿದ್ದ ಬಟ್ಟೆ ಮಡಿಸುತ್ತಲೇ ಇದ್ದಳು.

"ಅವನಿಗೆ ಹೇಳ್ದೆ," ಎಂದರು ಮೇಷ್ಟ್ರು. "ದೇವರೇ ನಿನ್ನ ಅಕ್ಕನ ಕೈಲಿ ಮಾಡಿಸಿರಬಹುದಲ್ಲೋ ಅಂತ."

"ಸುಳ್ಳು ಹೇಳ್ಸಿದ್ದೂ ದೇವರೇನಾ ಮೇಷ್ಟ್ರೇ? ಆ ಹುಡುಗಿ ಕೈ ಸುಡ್ಸಿದ್ದು?"

"ಗೊತ್ತಿಲ್ಲಮ್ಮ. ಅವನೂ ಹಾಗೇ ಕೇಳ್ದ." ಅವರು ಚೌಕಟ್ಟಿನ ಮೇಲೆ ಸ್ವಲ್ಪ ಸರಿದು ಕೂತರು. "ನನಗೆ ಗೊತ್ತಿರೋದು ಇಷ್ಟೇ. ಇಷ್ಟು ವರ್ಷ ಅವನನ್ನ ಎತ್ಕೊಂಡು ಓಡಾಡಿದೀರಿ. ಇನ್ನು ಕೆಳಗಿಡಿ."

"ಇಟ್ರೆ ಸಾಯ್ತಾನೆ."

"ಎತ್ಕೊಂಡೇ ಇದ್ರೆ?"

ಅವಳಿಗೆ ಕೆಟ್ಟ ಸಿಟ್ಟು ಬಂತು. ನಿಮಗೇನು ಹೋಗಬೇಕು, ನಿಮ್ಮ ಹೊಟ್ಟೆಯ ಸಂಕಟವಾ ಇದು, ಎಂದೆಲ್ಲ ಬಾಯಿಗೆ ಬಂದದ್ದನ್ನು ಅಂದಳು. ಮೇಷ್ಟ್ರು ತಲೆತಗ್ಗಿಸಿ ಅಷ್ಟನ್ನೂ ಅನ್ನಿಸಿಕೊಂಡು, ಮೊಣಕಾಲು ಹಿಡಿದುಕೊಂಡು ಎದ್ದು ಹೋದರು.

ಮಳೆಗಾಲ ಕಳೆಯುವ ಹೊತ್ತಿಗೆ ಅದು ಶುರುವಾಯಿತು. ಮೊದಲು ನಿದ್ದೆ ಹೋಯಿತು. ಆಮೇಲೆ ಅವನು ಕೆಲಸದ ನಡುವೆ ಸುತ್ತಿಗೆ ಇಟ್ಟು ಬಾಗಿಲ ಕಡೆ ನೋಡುತ್ತ ನಿಲ್ಲತೊಡಗಿದ. ಒಂದು ಬೆಳಿಗ್ಗೆ ಅಕ್ಕ ಹೊಲಿದ ಕವರುಗಳನ್ನು ಹೊತ್ತುಕೊಂಡು ಕೆಳಗೆ ಬಂದಾಗ ಅವನು ಸೋಫಾದ ಮುಂದೆ ಮಂಡಿಯೂರಿ ಸೀಟಿಗೆ ಕಿವಿ ಹಚ್ಚಿದ್ದ. ಅವಳನ್ನು ಕಂಡು ತಟ್ಟನೆ ಎದ್ದು, "ಸ್ಪ್ರಿಂಗು ಸಡಿಲ ಆಗಿದೆಯಾ ನೋಡ್ತಿದ್ದೆ," ಎಂದ. ಸುಳ್ಳು ಹೇಳಿದ್ದು ಅವಳಿಗೆ ಸಮಾಧಾನವೇ ಆಯಿತು. ಸುಳ್ಳು ಹೇಳುವಷ್ಟು ಬುದ್ಧಿ ಇನ್ನೂ ಇದೆಯಲ್ಲ. ಕವರುಗಳನ್ನು ಅಲ್ಲೇ ಎಸೆದು ಓಡೋಡುತ್ತ ಬೇಕರಿಗೆ ಹೋದಳು. ಯಾಕೆ ಹೋದಳೆಂದು ಕೇಳಿದರೆ ಅವಳಿಗೇ ಗೊತ್ತಿರಲಿಲ್ಲ. ತನ್ನ ಸಂಕಟ ಅರ್ಥವಾಗುವವಳು ಆ ಬೀದಿಯಲ್ಲಿ ಇನ್ನೊಬ್ಬಳು ಎಲ್ಲಿದ್ದಳು?

ಬೇಕರಿಯಮ್ಮ ಅವಳ ಮುಖ ನೋಡಿದ್ದೇ ಕೆಲಸದವನಿಗೆ ಗಲ್ಲಾ ಒಪ್ಪಿಸಿ ಒಳಗೆ ಕರೆದುಕೊಂಡು ಹೋದಳು. ಒಳಗೆ ಹಿಟ್ಟಿನ ಮೂಟೆಗಳ ಪಕ್ಕದಲ್ಲಿ ಹುಡುಗಿ ಕೂತಿದ್ದಳು. ಕೈಗಳು ವಾಸಿಯಾಗಿದ್ದವು, ಬೆರಳು ಮಾತ್ರ ಪೂರ್ತಿ ಬಿಡಿಸಲು ಬರುತ್ತಿರಲಿಲ್ಲ. ಮತ್ತೆ ಅದೇ ಅರೆಮುಚ್ಚಿದ ಕಣ್ಣು.

"ಶುರುವಾಯ್ತಾ?" ಎಂದಳು ಬೇಕರಿಯಮ್ಮ.

ಅಕ್ಕ ತಲೆಯಾಡಿಸಿದಳು.

"ಮಾತ್ರೆ ಇದೆಯಾ ನಿಮ್ಮ ಹತ್ರ?"

ಇತ್ತು. ಕೈಚೀಲದಲ್ಲಿ ಯಾವಾಗಲೂ ಇರುತ್ತಿತ್ತು.

"ಕೊಡಿ ಇಲ್ಲಿ. ದಿನಾ ಬೆಳಿಗ್ಗೆ ಇಲ್ಲೇ ತಾನೇ ಅವರು ಬನ್ ತಿನ್ನೋದು? ನಾನು ಹಾಕ್ತೀನಿ. ಒಂದು ಬನ್ನಿನೊಳಗೆ ಹಾಕಿ ಗುರುತಿಟ್ಟು ಮೇಲುಗಡೆ ಇಟ್ರೆ ಆಯ್ತು. ನನ್ನ ಕೈಯಂದ್ರೆ ಅನುಮಾನ ಪಡಲ್ಲ. ಇವಳಿಗೂ ನಾನು ಹಾಗೇ ಕೊಡ್ತಿರೋದು," ಎಂದು ಮಗಳ ಕಡೆ ಕಣ್ಣು ತೋರಿಸಿ ದನಿ ತಗ್ಗಿಸಿದಳು. "ಆಸ್ಪತ್ರೆಯಿಂದ ಬಂದ್ಮೇಲೆ ಮಾತ್ರೆ ಅಂದ್ರೆ ಬಾಯೇ ಬಿಡಲ್ಲ. ಏನು ಮಾಡೋದು? ನಿಮ್ಮಿಂದಲೇ ಕಲಿತೆ ಅನ್ಕೊಳ್ಳಿ."

ಅಕ್ಕನ ಕೈ ಚೀಲದೊಳಗೆ ಹೋಯಿತು. ಪಟ್ಟಿ ಬೆರಳಿಗೆ ಸಿಕ್ಕಿತು. ಎಷ್ಟು ಸುಲಭ! ನಾಳೆ ಬೆಳಿಗ್ಗೆಯಿಂದಲೇ. ಕೆಲವು ವಾರಗಳಲ್ಲಿ ಅವನಿಗೆ ನಿದ್ದೆ ಬರುತ್ತದೆ, ಕಿವಿಯ ಸದ್ದು ನಿಲ್ಲುತ್ತದೆ, ದೇವರೇ ನೋಡಿಕೊಂಡ ಎಂದು ಮತ್ತೆ ಹೋಗಿ ಎದ್ದು ನಿಲ್ಲುತ್ತಾನೆ. ಎರಡೂ ಅಂಗೈ ಬಿಡಿಸಿ ತೋರಿಸುತ್ತಾನೆ. ಹಿಂದಿನ ಬೆಂಚಿನಲ್ಲಿ ಕೂತು ಅವಳು ಕೇಳುತ್ತಾಳೆ. ಇನ್ನಾವುದೋ ಮನೆಯ ತಾಯಿಯೂ ಕೇಳುತ್ತಾಳೆ.

ಆ ಹುಡುಗಿ ಎತ್ತಲೋ ನೋಡುತ್ತ ಕೂತಿದ್ದಳು. ಅವಳಿಗೆ ಇವರ ಮಾತು ಕೇಳಿಸಿತೋ ಇಲ್ಲವೋ.

"ಬೇಡ," ಎಂದಳು ಅಕ್ಕ.

"ಹುಚ್ಚು ಹಿಡಿದಿದೆಯಾ ನಿಮಗೆ? ಕಣ್ಣಾರೆ ನೋಡಿದೀರಿ, ನನ್ನ ಮಗಳ ಗತಿ ಏನಾಯ್ತು ಅಂತ!"

"ನೋಡಿದೀನಿ. ಬೇಡ. ಒಂದು ಬನ್ ಕೊಡಿ, ಬರೀ ಬನ್."

ಬನ್ನನ್ನು ಕಾಗದದಲ್ಲಿ ಸುತ್ತಿಸಿಕೊಂಡು ಹೊರಗೆ ಬಂದಳು. ರಸ್ತೆ ದಾಟಬೇಕಿತ್ತು, ದಾಟಲಿಲ್ಲ. ಇಷ್ಟು ವರ್ಷದಲ್ಲಿ ಅವಳು ಎಂದೂ ಏನನ್ನೂ ಬೇಡಿಕೊಂಡವಳಲ್ಲ. ಹೇಗೆ ಬೇಡುವುದು ಎಂಬುದೂ ಗೊತ್ತಿರಲಿಲ್ಲ. ಬೀದಿಬದಿಯಲ್ಲಿ, ಲಾರಿಗಳ ಧೂಳಿನಲ್ಲಿ ನಿಂತು ಬಾಯೊಳಗೇ ಹೇಳಿಕೊಂಡಳು: ನನಗಿನ್ನು ಏನೂ ತೋಚ್ತಿಲ್ಲ. ನನ್ನ ಬುದ್ಧಿ ಮುಗೀತು. ನೀನಿದ್ರೆ ನೋಡ್ಕೋ. ಇಲ್ದಿದ್ರೆ... ಅದರ ಮುಂದಿನದನ್ನು ನೆನೆಯಲು ಅವಳಿಗೆ ಧೈರ್ಯ ಬರಲಿಲ್ಲ. ಉತ್ತರವೂ ಯಾವ ಕಡೆಯಿಂದಲೂ ಬರಲಿಲ್ಲ. ಲಾರಿಗಳು ಹೋಗುವವರೆಗೆ ಕಾದು ದಾಟಿದಳು.

ತಮ್ಮ ಅದೇ ಸೋಫಾದ ಮುಂದೆ ನೆಲದ ಮೇಲೆ ಕೂತಿದ್ದ. ಅವಳು ಮೇಲೆ ಹೋಗಿ ಒಂದು ತಟ್ಟೆ ತಂದು ಅವನ ಎದುರಿಗೇ ಕೂತಳು. ಕಾಗದ ಬಿಚ್ಚಿ ಬನ್ನನ್ನು ತಟ್ಟೆಯಲ್ಲಿಟ್ಟಳು. ಪಟ್ಟಿಯಿಂದ ಒಂದು ಮಾತ್ರೆಯನ್ನು ಅವನು ನೋಡುತ್ತಿರುವಂತೆಯೇ ಒತ್ತಿ ತೆಗೆದು ಅದರ ಪಕ್ಕದಲ್ಲಿ ಇಟ್ಟಳು.

"ಮಾತ್ರೆ ಇಲ್ಲಿದೆ," ಎಂದಳು. "ಬನ್ನಲ್ಲಿ ಏನೂ ಇಲ್ಲ."

"ಹೇಗೆ ನಂಬಲಿ?"

"ನಂಬ್ಬೇಡ."

ಅವನು ಅವಳ ಮುಖವನ್ನೇ ನೋಡಿದ. ಆಮೇಲೆ ಬನ್ನನ್ನು ಎತ್ತಿಕೊಂಡು ಎರಡು ಹೋಳು ಮಾಡಿದ. ಹೋಳುಗಳನ್ನು ಮತ್ತೆ ಮುರಿದ. ಒಳಗಿನ ಮೆತ್ತನೆಯ ಭಾಗವನ್ನು ಬೆರಳಿನಿಂದ ಬಿಡಿಸಿ ಬಿಡಿಸಿ ಬೆಳಕಿಗೆ ಹಿಡಿದ, ಮೂಸಿದ, ನಾಲಿಗೆಯ ತುದಿಗೆ ತಾಗಿಸಿ ಕಾದ. ಮೇಲಿನ ಕಂದು ಸಿಪ್ಪೆಯನ್ನೂ ಸುಲಿದು ತಿರುವಿ ನೋಡಿದ. ಅವಳು ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು. ತಿನ್ನು ಎಂದು ಹೇಳಲಿಲ್ಲ, ಮಾತ್ರೆಯ ಕಡೆ ನೋಡಲೂ ಇಲ್ಲ. ಹೊರಗೆ ಯಾರೋ ಗಿರಾಕಿ ಬಂದು ಬಾಗಿಲಲ್ಲಿ ನಿಂತು, ಇವರನ್ನು ನೋಡಿ, ಹಾಗೆಯೇ ಹಿಂದಿರುಗಿದರು.

ತಟ್ಟೆಯ ತುಂಬ ಬರೀ ಪುಡಿಯಾಯಿತು. ಅದನ್ನೂ ಅವನು ಬೆರಳಿನಿಂದ ಹರವಿ ಕೊನೆಯವರೆಗೂ ಹುಡುಕಿದ.

"ಏನೂ ಇಲ್ಲ," ಎಂದ.

"ಇಲ್ಲ," ಎಂದಳು ಅಕ್ಕ.

ಅವನು ಒಂದು ಚಿಟಿಕೆ ಪುಡಿ ತೆಗೆದು ಬಾಯಿಗೆ ಹಾಕಿಕೊಂಡ. ಇನ್ನೊಂದು ಚಿಟಿಕೆ. ಆಮೇಲೆ ಅರ್ಧದಷ್ಟನ್ನು ಅಂಗೈಯ ಅಂಚಿನಿಂದ ತಟ್ಟೆಯ ಅವಳ ಕಡೆಗೆ ಸರಿಸಿದ. ಬೆಳಗಿನಿಂದ ಅವಳೂ ಏನೂ ತಿಂದಿರಲಿಲ್ಲ. ಇಬ್ಬರೂ ತಲೆ ತಗ್ಗಿಸಿಕೊಂಡು, ನಡುವೆ ಬಿದ್ದಿದ್ದ ಆ ಬಿಳಿ ಮಾತ್ರೆಗೆ ಬೆರಳು ತಾಗದ ಹಾಗೆ, ಅದರ ಸುತ್ತಲಿನಿಂದ ಪುಡಿಯನ್ನು ಆಯ್ದು ಆಯ್ದು ತಿನ್ನತೊಡಗಿದರು.